ದಾರ ಹಾಕಿದಾಗ ವಸಡಿನಲ್ಲಿ ರಕ್ತ ಬಂದರೆ

ಫ್ಲಾಸ್ ಮಾಡಿದಾಗಲೆಲ್ಲ, ಅಂದರೆ ಹಲ್ಲಿನ ಸಂದಿಗೆ ದಾರ ಹಾಕಿ ಉಜ್ಜಿದಾಗಲೆಲ್ಲ, ವಸಡಿನಿಂದ ರಕ್ತ ಒಸರುತ್ತದೆ, ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬಿಡಬೇಡಿ. ಸಂದಿಯಲ್ಲಿ ಕಟ್ಟಿದ ಪಾಚಿಯಿಂದ ವಸಡು ಊದಿಕೊಂಡಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಬ್ರಷ್ಷಿನ ಎಳೆಗಳು ಅಲ್ಲಿಗೆ ತಲುಪುವುದಿಲ್ಲ. ಆದರೆ ನೀವು ಬರೆದಂತೆ ದಾರವನ್ನು ಟಕ್ಕೆಂದು ಒತ್ತಿ ಇಳಿಸಿದರೆ ವಸಡು ಕೊಯ್ಯದೆ ಇನ್ನೇನು! ಸುಮಾರು 45 ಸೆಂಟಿಮೀಟರ್ ದಾರವನ್ನು ಎರಡೂ ನಡುಬೆರಳುಗಳಿಗೆ ಸುತ್ತಿ, ಹಿಂದೆ ಮುಂದೆ ಮೆಲ್ಲಗೆ ಆಡಿಸುತ್ತ ಇಳಿಸಿ. ವಸಡಿನ ಅಂಚು ಮುಟ್ಟಿದೊಡನೆ ದಾರವನ್ನು ಒಂದು ಹಲ್ಲಿನ ಮೈಗೆ ಬಾಗಿಸಿ ಮೇಲೆ ಕೆಳಗೆ ಉಜ್ಜಿ. ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೂ ಹಾಗೆಯೇ. ದಿನಕ್ಕೊಮ್ಮೆ ಸಾಕು. ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ, ಅಥವಾ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿದ್ದರೆ, ದಂತವೈದ್ಯರನ್ನು ಕಾಣಿ. ಊಟವಾದ ಮೇಲೆ ಸೇಫ್ಟಿ ಪಿನ್ನಿನಿಂದ ಕೆದಕುವ ಚಾಳಿಯನ್ನಂತೂ ಇಂದೇ ಬಿಡಿ.