ಪೆಟ್ಟಿಗೆ, ಕಾರ್ಡ್ ಇದ್ದರೆ ವಾಚು ಅಸಲಿಯೇ?

ಪ್ರಶ್ನೆ: ಶಿವಮೊಗ್ಗದಲ್ಲಿ ಪರಿಚಯದವರ ಮೂಲಕ ರೋಲೆಕ್ಸ್ ಸಬ್‌ಮರೀನರ್ ಡೇಟ್ ಕೊಂಡೆ. 2021ರ ಮಾಡೆಲ್ ಅಂದರು. ಅಂಗಡಿ ಅಧಿಕೃತವಲ್ಲ. ಪೆಟ್ಟಿಗೆ, ವಾರಂಟಿ ಕಾರ್ಡ್ ಇವೆ, ಸೆಕೆಂಡ್ ಮುಳ್ಳು ನಯವಾಗಿ ಓಡುತ್ತದೆ. ಅಸಲಿ ಎನ್ನಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಇಷ್ಟರಿಂದಲೇ ಹೇಳಲಾಗದು. ಪೆಟ್ಟಿಗೆ, ಕಾರ್ಡ್ ಎರಡೂ ನಕಲಿ ಸಿಗುತ್ತವೆ. ಅಗ್ಗದ ಆಟೋಮ್ಯಾಟಿಕ್ ಯಂತ್ರದ ಮುಳ್ಳೂ ಸೆಕೆಂಡಿಗೆ 8 ಹೆಜ್ಜೆ ಇಟ್ಟು ನಯವಾಗಿ ಓಡಬಲ್ಲದು.

ಮೊದಲು 10 ಪಟ್ಟು ಹಿಗ್ಗಿಸುವ ಲೂಪ್ (ವಾಚು ರಿಪೇರಿಯವರ ಭೂತಗನ್ನಡಿ) ಹಿಡಿಯಿರಿ. ತಾರೀಖಿನ ಮೇಲಿನ ಮಸೂರ ಅಂಕಿಯನ್ನು 2.5 ಪಟ್ಟು ತೋರಿಸಬೇಕು. ನಕಲಿಯಲ್ಲಿ ಅದು ಹೆಚ್ಚಾಗಿ ಚಿಕ್ಕದಾಗಿಯೋ, ಓರೆಯಾಗಿಯೋ ಕಾಣುತ್ತದೆ. ಡಯಲ್ ಸುತ್ತಲಿನ ಒಳ ಉಂಗುರದಲ್ಲಿ, 6ರ ಬಳಿ ಸೀರಿಯಲ್ ನಂಬರ್ ಇರುತ್ತದೆ. ಕೆತ್ತನೆಯ ಅಂಚು ಚೂಪಾಗಿರಬೇಕು, ಕಾರ್ಡಿನ ನಂಬರಿಗೆ ತಾಳೆಯಾಗಬೇಕು. ಆದರೆ ಅಸಲಿ ನಂಬರನ್ನೇ ಕದ್ದು ಕೆತ್ತುವವರಿದ್ದಾರೆ! ಹಿಂಬದಿ ಗಾಜಿನದಾಗಿದ್ದರೆ ಮುಂದೆ ನೋಡಬೇಕಿಲ್ಲ, ಸಬ್‌ಮರೀನರ್‌ಗೆ ಕಂಪನಿ ಲೋಹದ ಮುಚ್ಚಳವನ್ನೇ ಹಾಕುವುದು.

ಖಾತ್ರಿಯಾಗಲು ಮುಚ್ಚಳ ತೆಗೆಸಲೇಬೇಕು. ನೀವು ಹೇಳಿದ ವಾಚಿನ ಮಾಡೆಲ್ ನಂಬರ್ 126610 ಆಗಿದ್ದರೆ ಒಳಗೆ 3235 ನಂಬರಿನ ಯಂತ್ರ ಇರಬೇಕು. ಅದರ ಹಿಂದಿನ 116610ರಲ್ಲಿ 3135. ದಯವಿಟ್ಟು ಇದನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಗ್ಯಾಸ್ಕೆಟ್ (ನೀರು ತಡೆಯುವ ಉಂಗುರ) ಸರಿಯಾಗಿ ಕೂರದೆ, ಒತ್ತಡ ಪರೀಕ್ಷೆಯೂ ಆಗದೆ ಮುಚ್ಚಿದರೆ ನಿಮ್ಮೂರಿನ ಮಳೆಗಾಲದ ತೇವ ಒಳನುಗ್ಗಿ ಗಾಜು ಮಂಜಾಗುತ್ತದೆ, ಯಂತ್ರ ತುಕ್ಕು ಹಿಡಿಯುತ್ತದೆ. ಅಲ್ಲಿಯವರೆಗೆ ಬಿಲ್ ಜೋಪಾನವಾಗಿರಲಿ. ‘ನಕಲಿ ಎಂದಾದರೆ ಪೂರ್ತಿ ಹಣ ವಾಪಸ್’ ಎಂದು ಮಾರಿದವರಿಂದ ಇಂದೇ ಬರೆಸಿಕೊಳ್ಳಿ.