ಎರಡನೇ ಗೇರ್ ಹಾರುವ ಹಳೇ ಜೀಪಿಗೆ ಬಾಕ್ಸ್ ಬದಲಿಸಬೇಕೇ?

ಓದುಗರ ಪ್ರಶ್ನೆ, ಗ್ಯಾರೇಜ್ ಮೇಸ್ತ್ರಿಯ ಉತ್ತರ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ಅಜ್ಜ ಕಾಫಿ ತೋಟಕ್ಕೆಂದು ತಂದ ಮಹೀಂದ್ರಾ ಸಿಜೆ3ಬಿ ಪೆಟ್ರೋಲ್ ಜೀಪ್ ನಮ್ಮಲ್ಲಿ ಇನ್ನೂ ಓಡುತ್ತಿದೆ. ಮೂರು ಗೇರಿನ ಹಳೇ ಬಾಕ್ಸ್. ಈಗೀಗ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಎರಡನೇ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಹಾರುತ್ತದೆ. ಲಿವರ್ ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಇಳಿಯುತ್ತೇನೆ. ಇಲ್ಲಿನ ಗ್ಯಾರೇಜಿನವರು ‘ಇದನ್ನ ಬಿಚ್ಚಿ ಪ್ರಯೋಜನ ಇಲ್ಲ, ಬೇರೆ ಗಾಡಿಯ ಐದು ಗೇರಿನ ಬಾಕ್ಸ್ ಕೂರಿಸೋಣ’ ಅಂತಾರೆ. ಏನು ಮಾಡಲಿ?
ಓದುಗರು, ಮೂಡಿಗೆರೆ

ಉತ್ತರ: ಲಿವರ್ ಹಿಡಿದುಕೊಂಡು ಘಟ್ಟ ಇಳಿಯುವುದನ್ನು ಇವತ್ತೇ ನಿಲ್ಲಿಸಿ. ಕೈ ಜಾರಿ ಗೇರ್ ಹಾರಿತು ಅಂದರೆ ಎಂಜಿನ್ ಹಿಡಿತ ಹೋಯಿತು, ಗಾಡಿಯ ಪೂರ್ತಿ ಭಾರ ಡ್ರಮ್ ಬ್ರೇಕಿನ ಮೇಲೆ ಬಿತ್ತು. ಕಾದ ಡ್ರಮ್ ಬ್ರೇಕ್ ಹಿಡಿಯುವುದಿಲ್ಲ. ಜೊತೆಗೆ ಸದಾ ಲಿವರ್ ಒತ್ತಿ ಹಿಡಿದರೆ ಗೇರನ್ನು ಸರಿಸುವ ಒಳಗಿನ ಫೋರ್ಕ್ ಸವೆಯುತ್ತದೆ. ರಿಪೇರಿ ಆಗುವವರೆಗೆ ಜೀಪನ್ನು ತೋಟದೊಳಗೇ ಇಟ್ಟುಕೊಳ್ಳಿ. ಕೆಸರಿನ ಇಳಿಜಾರಿನಲ್ಲಿ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಎಳೆತ, ನಿಧಾನದ ಓಟ) ಹಾಕಿ, ಮೊದಲನೇ ಗೇರಿನಲ್ಲಿ ನಿಧಾನವಾಗಿ ಇಳಿಯಿರಿ.

ಬಾಕ್ಸ್ ಬದಲಿಸುವುದು ಬೇಡ ಅನ್ನುವುದೇ ನನ್ನ ಗಟ್ಟಿ ಅಭಿಪ್ರಾಯ. ನಿಮ್ಮದು ಅಮೆರಿಕದ ವಾರ್ನರ್ ಗೇರ್ ಕಂಪನಿಯ ಟಿ-90. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಟಿ-84 ಇತ್ತು. ಯುದ್ಧ ಮುಗಿದ ಮೇಲೆ ಸಿವಿಲ್ ಜೀಪುಗಳಿಗೆ ಬಂದದ್ದು ಅದಕ್ಕಿಂತ ಗಟ್ಟಿಯಾದ ಈ ಟಿ-90. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಇಲ್ಲಿ ವಿಲ್ಲೀಸ್ ಜೀಪ್ ಜೋಡಿಸಲು ಶುರು ಮಾಡಿದರು. ಹಾಗೆ ಈ ಬಾಕ್ಸು ನಮ್ಮ ತೋಟಗಳಿಗೂ ಬಂತು. ಬೀಡು ಕಬ್ಬಿಣದ ಹೊರಮೈ, ಒಳಗೆ ಕೆಲವೇ ಗೇರುಗಳು. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಸರಿಮಾಡಬಹುದು. ಇನ್ನೊಂದು ಕಾರಣವೂ ಇದೆ. ನಿಮ್ಮ ಜೀಪಿನ ಮುಂದಿನ ಹಿಂದಿನ ಚಕ್ರಗಳ ನಡುವೆ ಬರೀ 80 ಇಂಚು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಈಗಲೇ ಗಿಡ್ಡ. ಉದ್ದದ ಬಾಕ್ಸ್ ಕೂರಿಸಿದರೆ ಅದು ಇನ್ನೂ ಗಿಡ್ಡವಾಗಿ, ಕೋನ ಜಾಸ್ತಿಯಾಗಿ, ಅದರ ತುದಿಯ ಜಾಯಿಂಟ್ ಕ್ರಾಸುಗಳು ಬೇಗ ಹೋಗುತ್ತವೆ.

ಇನ್ನು ಗೇರ್ ಹಾರುವುದರ ವಿಷಯ. ಗೇರ್ ಹಾರಿದರೆ ಗೇರೇ ಸವೆದಿದೆ ಅಂತ ಎಲ್ಲರೂ ತಿಳಿಯುತ್ತಾರೆ. ಎಷ್ಟೋ ಸಲ ಗೇರ್ ಚೆನ್ನಾಗಿಯೇ ಇರುತ್ತದೆ, ಅದು ಕೂತ ಜಾಗ ಸಡಿಲವಾಗಿರುತ್ತದೆ. ಅದಕ್ಕೇ ಬಾಕ್ಸ್ ಇಳಿಸುವ ಮೊದಲು ಮೇಲಿನಿಂದ ನೋಡಿ ಅನ್ನುತ್ತೇನೆ. ಎಂಜಿನ್‌ಗೂ ಬೆಲ್ ಹೌಸಿಂಗ್‌ಗೂ (ಕ್ಲಚ್ ಮುಚ್ಚುವ ಹೊದಿಕೆ), ಬೆಲ್ ಹೌಸಿಂಗ್‌ಗೂ ಬಾಕ್ಸಿಗೂ ನಡುವಿನ ಬೋಲ್ಟುಗಳು ಬಿಗಿ ಇವೆಯಾ? ಅಡಿಯ ರಬ್ಬರ್ ಮೌಂಟ್ ಹರಿದಿದೆಯಾ? ಆಮೇಲೆ ನೆಲದ ತಗಡು ತೆಗೆದು, ಲಿವರ್ ಇರುವ ಮೇಲಿನ ಕವರ್ ಬಿಚ್ಚಿ. ಗೇರನ್ನು ಜಾಗದಲ್ಲಿ ಹಿಡಿದಿಡುವ ಗುಂಡು, ಸ್ಪ್ರಿಂಗು ಆ ಕವರಿನಲ್ಲೇ ಇವೆ. ಸ್ಪ್ರಿಂಗ್ ಕುಗ್ಗಿದ್ದರೆ, ರಾಡಿನ ಕಚ್ಚು ಸವೆದಿದ್ದರೆ, ಫೋರ್ಕಿನ ತುದಿ ತೆಳುವಾಗಿದ್ದರೆ ನಿಮ್ಮ ರೋಗ ಅಲ್ಲೇ ಸಿಕ್ಕಿತು. ಬಾಕ್ಸ್ ಇಳಿಸುವುದೇ ಬೇಡ.

ಅಲ್ಲಿ ಸಿಗದಿದ್ದರೆ ಇಳಿಸಲೇಬೇಕು. ಮೊದಲು ನಾಲ್ಕೂ ಚಕ್ರಕ್ಕೆ ಮರದ ಅಡೆ ಇಡಿ. ಈ ಜೀಪಿನ ಹ್ಯಾಂಡ್ ಬ್ರೇಕ್ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ (ಬಾಕ್ಸಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ. ಅದು ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಚಕ್ರ ಹಿಡಿಯುತ್ತದೆ. ಶಾಫ್ಟ್ ಬಿಚ್ಚಿದ ಕ್ಷಣದಿಂದ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲ. ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡೂ ಸೇರಿ ಒಬ್ಬರು ಎತ್ತುವ ಭಾರವಲ್ಲ. ಟ್ರಾಲಿ ಜ್ಯಾಕ್, ಜೊತೆಗೊಬ್ಬರು ಬೇಕೇ ಬೇಕು.

ಎಣ್ಣೆ ಇಳಿಸುವಾಗ ಅಗಲದ ತಟ್ಟೆಗೆ ಇಳಿಸಿ, ಬಿಸಿಲಿನಲ್ಲಿ ನೋಡಿ. ಹಳದಿ ಹೊಳಪು ಕಂಡರೆ ಹಿತ್ತಾಳೆ, ಅಂದರೆ ಸಿಂಕ್ರೋ ರಿಂಗ್ (ಗೇರ್ ಕೂರುವ ಮೊದಲು ವೇಗ ಹೊಂದಿಸುವ ಬಳೆ) ಅಥವಾ ವಾಷರ್ ಸವೆದಿದೆ. ಅಯಸ್ಕಾಂತಕ್ಕೆ ಕಬ್ಬಿಣದ ಚೂರು ಅಂಟಿದರೆ ಹಲ್ಲು ಮುರಿದಿದೆ ಅಥವಾ ಬೇರಿಂಗ್ ಒಡೆದಿದೆ. ಈ ಎಣ್ಣೆಯನ್ನು ನೋಡದೆ ಚೆಲ್ಲುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಾಕ್ಸು, ಟ್ರಾನ್ಸ್‌ಫರ್ ಕೇಸು ಎರಡನ್ನೂ ಬೇರೆ ಮಾಡುವಾಗ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮುಚ್ಚಳ ತೆಗೆಯಿರಿ. ಗೇರುಗಳು ಕೂತ ಮೇನ್ ಶಾಫ್ಟಿನ ತುದಿಯ ನಟ್ಟು, ಕಾಟರ್ ಪಿನ್ನು ಅಲ್ಲಿ ಸಿಗುತ್ತವೆ. ಅದನ್ನು ಬಿಚ್ಚಿದ ಮೇಲೆ ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ ಎಳೆದರೆ ಮೇನ್ ಶಾಫ್ಟೂ ಜೊತೆಗೆ ಬಂದುಬಿಡಬಹುದು, ಒಳಗಿನ ರೋಲರುಗಳು ಚೆಲ್ಲಾಪಿಲ್ಲಿ ಆಗುತ್ತವೆ. ಅದಕ್ಕೊಂದು ಹಳೇ ಉಪಾಯ ಇದೆ. ಮೇಲಿನ ತೆರೆದ ಬಾಯಿಯಿಂದ ಎರಡನೇ ಗೇರಿನ ಹಿಂದೆ ಶಾಫ್ಟಿಗೆ ತಂತಿ ಸುತ್ತಿ, ಎರಡು ತುದಿಯನ್ನೂ ಕವರಿನ ಮುಂದಿನ ಸ್ಕ್ರೂಗಳಿಗೆ ಬಿಗಿದು ಕಟ್ಟಿ. ಆಗ ಶಾಫ್ಟ್ ಅಲ್ಲಾಡುವುದಿಲ್ಲ.

ಕೆಳಗಿನ ಕ್ಲಸ್ಟರ್ ಗೇರ್ (ಒಂದೇ ತುಂಡಿನಲ್ಲಿರುವ ಹಲವು ಗೇರುಗಳ ಗೊಂಚಲು) ಒಂದು ಪಿನ್ನಿನ ಮೇಲೆ ಸೂಜಿ ರೋಲರುಗಳಲ್ಲಿ ತಿರುಗುತ್ತದೆ. ಪಿನ್ನನ್ನು ಮುಂದಿನಿಂದ ಹಿಂದಕ್ಕೆ ಹೊಡೆದು ತೆಗೆಯಬೇಕು. ಅದರ ಮೊದಲು ಹಿಂಬದಿಯ ಲಾಕ್ ಪ್ಲೇಟ್ ತೆಗೆಯುವುದು ಮರೆಯಬೇಡಿ. ಲೇತ್ ಅಂಗಡಿಯಲ್ಲಿ ಅದೇ ದಪ್ಪದ, ಕ್ಲಸ್ಟರಿಗಿಂತ ಕೂದಲೆಳೆ ಗಿಡ್ಡದ ಡಮ್ಮಿ ಪಿನ್ ಮಾಡಿಸಿ. ಅಸಲಿ ಪಿನ್ನನ್ನು ಅದರಿಂದಲೇ ತಳ್ಳುತ್ತಾ ಹೋದರೆ ರೋಲರುಗಳು ಒಂದೂ ಬೀಳದೆ ಡಮ್ಮಿಯ ಮೇಲೆ ನಿಲ್ಲುತ್ತವೆ. ಕ್ಲಸ್ಟರ್ ಮೆಲ್ಲಗೆ ಬಾಕ್ಸಿನ ತಳಕ್ಕೆ ಇಳಿಯುತ್ತದೆ.

ಈಗ ಪಿನ್ನಿನ ಮೇಲೆ ಉಗುರು ಎಳೆಯಿರಿ. ಗೀರು, ಗುಳಿ ಉಗುರಿಗೆ ಸಿಕ್ಕರೆ ಪಿನ್ನೂ ರೋಲರೂ ಎರಡೂ ಹೊಸದಾಗಬೇಕು. ಹಳೇ ಪಿನ್ನಿಗೆ ಹೊಸ ರೋಲರ್ ಹಾಕುವುದು ದುಡ್ಡು ದಂಡ. ಕ್ಲಸ್ಟರಿನ ಎರಡೂ ಬದಿಯ ಥ್ರಸ್ಟ್ ವಾಷರುಗಳನ್ನು ನೋಡಿ. ಇಳಿಜಾರಿನಲ್ಲಿ ಹಾರುವ ಜೀಪುಗಳಲ್ಲಿ ನನಗೆ ಮೊದಲು ಅನುಮಾನ ಬರುವುದು ಇವುಗಳ ಮೇಲೆ. ಎರಡನೇ ಗೇರಿನ ಹಲ್ಲು ಓರೆ. ಆಕ್ಸಿಲರೇಟರ್ ಒತ್ತಿದಾಗ ಕ್ಲಸ್ಟರನ್ನು ಒಂದು ಕಡೆ ತಳ್ಳುತ್ತದೆ, ಬಿಟ್ಟಾಗ ಇನ್ನೊಂದು ಕಡೆಗೆ. ವಾಷರ್ ಸವೆದಿದ್ದರೆ ಪ್ರತಿ ಸಲವೂ ಕ್ಲಸ್ಟರ್ ಹಿಂದೆ ಮುಂದೆ ಓಡುತ್ತದೆ, ಎರಡನೇ ಗೇರನ್ನೂ ಅಲ್ಲಾಡಿಸುತ್ತದೆ. ಜೋಡಿಸಿದ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆಯಿರಿ. ಕ್ಲಸ್ಟರಿನ ಆಟ 12ರಿಂದ 18 ಥೌ (ಇಂಚಿನ ಸಾವಿರದ ಒಂದು ಭಾಗ) ಒಳಗೆ ಇರಬೇಕು, ಅಂದರೆ 0.30ರಿಂದ 0.46 ಮಿಲಿಮೀಟರ್. ಜಾಸ್ತಿ ಬಂದರೆ ದಪ್ಪದ ವಾಷರ್ ಹುಡುಕಿ. ‘ಓಡ್ತದೆ ಬಿಡಿ’ ಅಂತ ಮುಚ್ಚಿಸಬೇಡಿ.

ಆಮೇಲೆ ಎರಡನೇ ಗೇರಿನ ಪಕ್ಕದ ಸಣ್ಣ ಹಲ್ಲುಗಳು, ಅವುಗಳನ್ನು ಕಚ್ಚುವ ಸ್ಲೀವ್. ಹಲ್ಲಿನ ತುದಿ ದುಂಡಗಾಗಿದ್ದರೆ, ಇಳಿಜಾರಾಗಿ ಸವೆದಿದ್ದರೆ ಗೇರ್ ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೇ ಬದಲಿಸಿ. ಸಿಂಕ್ರೋ ರಿಂಗನ್ನು ಗೇರಿನ ಕೋನಿನ ಮೇಲೆ ಒತ್ತಿ ತಿರುಗಿಸಿ. ಕಚ್ಚಿ ಹಿಡಿಯಬೇಕು. ಜಾರಿದರೆ ಅದರ ಆಯುಸ್ಸು ಮುಗಿದಿದೆ. ಬೇರಿಂಗು, ಆಯಿಲ್ ಸೀಲು, ಪ್ಯಾಕಿಂಗು ಬಿಚ್ಚಿದ ಮೇಲೆ ಹೇಗೂ ಹೊಸದೇ. ಬಾಕ್ಸಿನ ಮುಂದಿನ ಶಾಫ್ಟಿನ ತುದಿ ಹಿಡಿಯುವ, ಕ್ರ್ಯಾಂಕಿನ ಹಿಂಬದಿಯ ಪೈಲಟ್ ಬುಷ್ ಕೂಡ ಬದಲಿಸಿ. ಅದು ಸವೆದರೆ ಮುಂದಿನ ಶಾಫ್ಟ್ ಓಲಾಡಿ ಗೇರ್ ಹಾರುತ್ತದೆ. ಚೆನ್ನಾಗಿರುವ ಹಳೇ ಗೇರನ್ನು ಮಾತ್ರ ಎಸೆಯಬೇಡಿ. ಹೊಸ ಕಿಟ್ಟಿನಲ್ಲಿ ಬಂತು ಅಂತ ಜೊತೆಯಾಗಿ ಸವೆದ ಗೇರುಗಳಲ್ಲಿ ಒಂದನ್ನಷ್ಟೇ ಬದಲಿಸಿದರೆ ಕೂಗುವ ಸದ್ದು ಶುರುವಾಗುತ್ತದೆ.

ಪ್ರಶ್ನೆ: ನಮ್ಮ ಸಿಜೆ3ಬಿಯಲ್ಲಿ ಗೇರ್ ಬಾಕ್ಸಿನ ಎಣ್ಣೆ ಕಮ್ಮಿಯಾಗುತ್ತದೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಉಕ್ಕುತ್ತದೆ. ಅಂಗಡಿಯವರು ಜಿಎಲ್-5 ದರ್ಜೆಯ ಗೇರ್ ಎಣ್ಣೆ ಒಳ್ಳೆಯದು ಅಂತ ಕೊಟ್ಟರು. ಹಾಕಬಹುದಾ?
ಓದುಗರು, ಕುಶಾಲನಗರ

ಉತ್ತರ: ಎರಡೂ ಬಾಕ್ಸು ಬೆನ್ನಿಗೆ ಬೆನ್ನು ಕೂತಿವೆ, ನಡುವೆ ಇರುವುದು ಒಂದು ಬೇರಿಂಗ್. ಅದರ ಮೂಲಕ ಎಣ್ಣೆ ಸಾಗುತ್ತದೆ. ಗಾಬರಿ ಬೇಡ. ಎರಡಕ್ಕೂ ಒಂದೇ ಎಣ್ಣೆ ಹಾಕಿ. ಇಳಿಸುವಾಗ ಎರಡನ್ನೂ ಇಳಿಸಿ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಎರಡನ್ನೂ ಅದರದರ ತುಂಬುವ ತೂತಿನ ಕೆಳ ಅಂಚಿನವರೆಗೆ ತುಂಬಿ. ಬಾಕ್ಸ್ ಬಿಚ್ಚಿದ್ದಾಗ ಆ ಬೇರಿಂಗ್ ಬದಲಿಸಿದರೆ ಸಾಗುವುದು ತಕ್ಕಮಟ್ಟಿಗೆ ಕಮ್ಮಿಯಾಗುತ್ತದೆ.

ಜಿಎಲ್-5 ಅಂಗಡಿಗೆ ವಾಪಸ್ ಕೊಡಿ, ಅಥವಾ ಡಿಫರೆನ್ಷಿಯಲ್ಲಿಗೆ (ಆಕ್ಸಲ್ ನಡುವಿನ ಗೇರುಗಳಿಗೆ) ಬಳಸಿ. ಅಲ್ಲಿ ಅದು ಸರಿಯಾದ ಎಣ್ಣೆ. ಗೇರ್ ಬಾಕ್ಸಿನಲ್ಲಿ ಹಿತ್ತಾಳೆಯ ರಿಂಗು, ವಾಷರುಗಳಿವೆ. ಜಿಎಲ್-5ರಲ್ಲಿ ಬೆರೆಸುವ ಗಂಧಕ, ರಂಜಕದ ರಾಸಾಯನಿಕ ಜಾಸ್ತಿ, ಅದು ಹಿತ್ತಾಳೆಯನ್ನು ತಿನ್ನಬಹುದು. ಜಾರುವ ಗುಣವೂ ಜಾಸ್ತಿಯಾಗಿ ಸಿಂಕ್ರೋ ರಿಂಗ್ ಕಚ್ಚುವುದಿಲ್ಲ. ಡಬ್ಬದ ಮೇಲೆ ಜಿಎಲ್-4, 90 ಅಂತ ಬರೆದದ್ದನ್ನು ಕೇಳಿ ತನ್ನಿ.

ಪ್ರಶ್ನೆ: ಅಪ್ಪನ ಹಳೇ ಸಿಜೆ3ಬಿ ಜೀಪ್ ಓಡಿಸಲು ಕಲಿಯುತ್ತಿದ್ದೇನೆ. ಗಾಡಿ ಸ್ವಲ್ಪ ಚಲಿಸುತ್ತಿರುವಾಗ ಮೊದಲನೇ ಗೇರಿಗೆ ಹಾಕಿದರೆ ‘ಗರ್ರ್’ ಅಂತದೆ. ನಿಂತಾಗಲೂ ಕೆಲವೊಮ್ಮೆ ಹಾಗೇ. ಬಾಕ್ಸ್ ಕೆಟ್ಟಿದೆಯಾ ಮೇಸ್ತ್ರಿ?
ಓದುಗರು, ತೀರ್ಥಹಳ್ಳಿ

ಉತ್ತರ: ಇಲ್ಲ ತಂಗಿ, ಈ ಬಾಕ್ಸಿನ ಸ್ವಭಾವವೇ ಅದು. ಎರಡು, ಮೂರಕ್ಕೆ ಸಿಂಕ್ರೋ ಇದೆ. ಮೊದಲನೇ ಗೇರಿಗೆ, ರಿವರ್ಸಿಗೆ ಇಲ್ಲ. ಅಲ್ಲಿ ಗೇರಿನ ಹಲ್ಲೇ ನೇರವಾಗಿ ಸರಿದು ಕೂರಬೇಕು. ಜೀಪ್ ನಿಂತಿದ್ದರೆ ಕ್ಲಚ್ ಒತ್ತಿ, ಮೊದಲು ಎರಡನೇ ಗೇರಿಗೆ ಮೆಲ್ಲಗೆ ತಾಗಿಸಿ. ಸಿಂಕ್ರೋ ಒಳಗಿನ ಶಾಫ್ಟನ್ನು ನಿಲ್ಲಿಸುತ್ತದೆ. ಆಮೇಲೆ ಕ್ಲಚ್ ಬಿಡದೆ ಮೊದಲನೇ ಗೇರ್ ಹಾಕಿ, ಸದ್ದಿಲ್ಲದೆ ಕೂರುತ್ತದೆ.

ಚಲಿಸುತ್ತಿರುವಾಗ ಹಾಕಲೇಬೇಕು ಅಂದರೆ ಡಬಲ್ ಕ್ಲಚ್ ಕಲಿಯಿರಿ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಕ್ಲಚ್ ಬಿಡಿ. ಆಕ್ಸಿಲರೇಟರ್ ಒಮ್ಮೆ ಸಣ್ಣಗೆ ಒತ್ತಿ ಬಿಡಿ. ಮತ್ತೆ ಕ್ಲಚ್ ಒತ್ತಿ ಮೊದಲನೇ ಗೇರ್ ಹಾಕಿ. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಕಿವಿಗೆ ಎಂಜಿನ್ನಿನ ಸದ್ದು ಒಗ್ಗಿತು ಅಂದರೆ ಕೈ ತಾನಾಗಿ ಕಲಿಯುತ್ತದೆ.

ಕಡಿದಾದ ಇಳಿಜಾರು ಎದುರಿಗಿದ್ದರೆ ಮೇಲೆಯೇ ನಿಂತು ಫೋರ್ ವೀಲ್ ಹಾಕಿ, ಲೋ ಹಾಕಿ, ಎರಡನೇ ಗೇರಿನಲ್ಲಿ ಇಳಿಯಿರಿ. ಲೆಕ್ಕ ನೋಡಿ: ಮೊದಲನೇ ಗೇರಿನ ಅನುಪಾತ 2.8. ಎರಡನೆಯದು 1.55, ಟ್ರಾನ್ಸ್‌ಫರ್ ಕೇಸಿನ ಲೋ 2.46, ಗುಣಿಸಿದರೆ 3.8. ಅಂದರೆ ಲೋ ಎರಡನೇ ಗೇರು ಹೈ ಮೊದಲನೆಯದಕ್ಕಿಂತ ಜಾಸ್ತಿ ಹಿಡಿಯುತ್ತದೆ. ನಡುದಾರಿಯಲ್ಲಿ ಗೇರ್ ಹುಡುಕುವ ಕಷ್ಟವೇ ಇಲ್ಲ. ಒಣ ಟಾರ್ ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆಯಿರಿ.

ಇಷ್ಟೆಲ್ಲ ಮಾಡಿಯೂ ನಿಂತಾಗ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲಿನ ಖಾಲಿ ಆಟ ಒಂದು ಇಂಚಿನ ಆಸುಪಾಸು ಇದೆಯಾ ಅಂತ ಅಪ್ಪನ ಹತ್ತಿರ ನೋಡಿಸಿ, ಜಾಸ್ತಿ ಇದ್ದರೆ ಬಿಗಿ ಮಾಡಿಸಿ.