15 ಸಾಲಿನ ಪ್ಯಾಚ್ ನೋಡಿಕೊಡುವುದು ಹೇಗೆ?

ಪ್ರಶ್ನೆ: ಸರ್, ನಾನು ಮದ್ದೂರಿನವನು. ಮೈಸೂರಿನ ಹೆಬ್ಬಾಳದ ಕಡೆ ಒಂದು ಚಿಕ್ಕ ಕಂಪನಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾವು ಬಳಸುವ ಓಪನ್ ಸೋರ್ಸ್ ಡೇಟಾಬೇಸ್‌ನಲ್ಲಿ ಒಂದು ಬಗ್ ಇದೆ. ಡಿಸ್ಕ್ ತುಂಬಿದಾಗ ಅದು ಒಂದು ಫೈಲನ್ನು ಅರ್ಧ ಬರೆದು, ಎಲ್ಲ ಸರಿ ಇದೆ ಅಂತ ಮುಂದೆ ಹೋಗಿಬಿಡುತ್ತದೆ. ಇದನ್ನು ಸರಿಮಾಡಲು ಯಾರೋ 15 ಸಾಲಿನ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಿದ್ದಾರೆ, ಅದನ್ನು ಓದಿ ಪರೀಕ್ಷಿಸಿ ರಿವ್ಯೂ ಮಾಡುವವರು ಬೇಕಂತೆ. ನಾನು ಓದಿದೆ, ಸರಿ ಅನ್ನಿಸಿತು. ಸಿ ಭಾಷೆ ಗೊತ್ತು, ಆದರೆ ಡೇಟಾಬೇಸ್ ಒಳಗಿನ ಕೋಡ್ ಯಾವತ್ತೂ ಮುಟ್ಟಿಲ್ಲ. ನನ್ನಂಥವನು ರಿವ್ಯೂ ಮಾಡಬಹುದಾ? 'ಚೆನ್ನಾಗಿದೆ' ಅಂತ ಬರೆದರೆ ಸಾಕಾ?

ಉತ್ತರ: ಖಂಡಿತ ಮಾಡಿ. ಆದರೆ 'ಚೆನ್ನಾಗಿದೆ' ಅಷ್ಟೇ ಬರೆದರೆ ಯಾರಿಗೂ ಉಪಯೋಗ ಇಲ್ಲ. ಇಂಥ ಕಡೆ ಕೋಡ್ ಬರೆಯುವವರು ಸಿಗುತ್ತಾರೆ, ಇನ್ನೊಬ್ಬರು ಬರೆದದ್ದನ್ನು ಕೂತು ನೋಡಿಕೊಡುವವರು ಕಮ್ಮಿ. ಪೋಸ್ಟ್‌ಗ್ರೆಸ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್‌ನಲ್ಲಿ ಇದಕ್ಕಾಗಿಯೇ ಕಮಿಟ್‌ಫೆಸ್ಟ್ ಅಂತ ವರ್ಷದಲ್ಲಿ ಕೆಲವು ತಿಂಗಳು ಮೀಸಲಿಡುತ್ತಾರೆ. ಪ್ಯಾಚ್ ಕಳಿಸಿದವರು ಬೇರೆಯವರ ಒಂದು ಪ್ಯಾಚನ್ನಾದರೂ ನೋಡಿಕೊಡಬೇಕು ಅನ್ನುವುದು ಅಲ್ಲಿನ ರೂಢಿ.

ಮೊದಲು ಪ್ಯಾಚ್ ಹಾಕದೆ ಬಗ್ಗನ್ನು ಕಣ್ಣಾರೆ ನೋಡಿ. ತುಂಬ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಡಿಸ್ಕ್ ತುಂಬಿಸಲು ನಿಮ್ಮ ಲ್ಯಾಪ್‌ಟಾಪ್ ಕೆಡಿಸಿಕೊಳ್ಳಬೇಕಿಲ್ಲ. ಲಿನಕ್ಸ್‌ನಲ್ಲಿ ಟಿಎಂಪಿಎಫ್‌ಎಸ್ ಅಂತ ಇದೆ, ಮೆಮೊರಿಯಲ್ಲೇ ಡಿಸ್ಕಿನಂಥ ಜಾಗ ಮಾಡಿಕೊಡುತ್ತದೆ, ಅಳತೆ ಕೊಟ್ಟು ಒಂದು ಚಿಕ್ಕ ಜಾಗ ಮೌಂಟ್ ಮಾಡಿ, ಆ ಫೈಲ್ ಅಲ್ಲಿಗೇ ಬೀಳುವ ಹಾಗೆ ಮಾಡಿ, ಉಳಿದ ಜಾಗಕ್ಕೆ ಸುಮ್ನೆ ಏನಾದರೂ ತುಂಬಿ. ಬಗ್ ಕಾಣಿಸಿತಾ? ಈಗ ಪ್ಯಾಚ್ ಹಾಕಿ, ಬಿಲ್ಡ್ ಮಾಡಿ, ಅವರದೇ ಟೆಸ್ಟುಗಳನ್ನು ಓಡಿಸಿ, ಮತ್ತೆ ಅದೇ ಪರೀಕ್ಷೆ ಮಾಡಿ. ಮುಂಚೆ ಬಗ್ ಕಾಣದಿದ್ದರೆ, ಪ್ಯಾಚ್ ಅದನ್ನು ಸರಿಮಾಡಿತು ಅಂತ ಹೇಳುವುದಾದರೂ ಹೇಗೆ, ಅಲ್ವಾ?

ಆಮೇಲೆ ಕೋಡ್. ಫೈಲಿಗೆ ಬರೆ ಅಂತ ಸಿಸ್ಟಮ್‌ಗೆ ಹೇಳುವ 'ರೈಟ್' ಕರೆಯ ಹತ್ತಿರ ನಿಂತು ನೋಡಿ. ನೀವು 8192 ಬೈಟ್ ಬರೆ ಅಂತ ಹೇಳಿದಿರಿ, ಡಿಸ್ಕಿನಲ್ಲಿ 4096ಕ್ಕೆ ಮಾತ್ರ ಜಾಗ ಇದೆ ಅಂದುಕೊಳ್ಳಿ. ಆಗ 'ರೈಟ್' ಎರರ್ ಅನ್ನುವ ಗುರುತಾದ ಮೈನಸ್ 1 ಕೊಡುವುದಿಲ್ಲ, 4096 ಬರೆದೆ ಅಂತ ಹೇಳಿ ವಾಪಸ್ ಬರುತ್ತದೆ. ಹಾಲಿನ ಡೇರಿಯಲ್ಲಿ ಹತ್ತು ಲೀಟರ್ ತಂದವರ ಹತ್ತಿರ ಕ್ಯಾನ್ ತುಂಬಿತು ಅಂತ ಆರೇ ಲೀಟರ್ ಸುರಿದುಕೊಂಡ ಹಾಗೆ. ಸುರಿದುಕೊಂಡವರು ಆರು ಅಂತ ಹೇಳಿದ್ದಾರೆ, ಪುಸ್ತಕ ಬರೆಯುವವರು ಕೇಳಿಸಿಕೊಳ್ಳದೆ ಹತ್ತು ಬರೆದಿದ್ದಾರೆ. ಹಾಗಾಗಿ ಮೈನಸ್ 1 ಬಂತಾ ಅಂತ ನೋಡಿದರೆ ಸಾಲದು, ಕೇಳಿದಷ್ಟೇ ಬರೆಯಿತಾ ಅಂತ ನೋಡಬೇಕು. ಇನ್ನೊಂದು ಸೂಕ್ಷ್ಮ ಇದೆ. ಕರೆ ಸೋತಾಗ ಕಾರಣದ ನಂಬರ್ 'ಎರ್ನೋ' ಅನ್ನುವ ವೇರಿಯಬಲ್‌ನಲ್ಲಿ ಕೂರುತ್ತದೆ, ಆದರೆ ಅರ್ಧ ಬರೆದಾಗ ಅದರಲ್ಲಿ ಯಾವ ಎರರ್ ನಂಬರೂ ಕೂರುವುದಿಲ್ಲ. ಹಾಗೇ ಬಿಟ್ಟರೆ 'ಫೈಲ್ ಬರೆಯಲಾಗಲಿಲ್ಲ: ಸಕ್ಸೆಸ್' ಅನ್ನುವಂಥ ಸಂದೇಶ ಬರಬಹುದು, ಅದನ್ನು ಓದಿದವರು ಏನಂತ ತಿಳಿಯಬೇಕು? ಪೋಸ್ಟ್‌ಗ್ರೆಸ್ ಕೋಡಿನಲ್ಲಿ, ನಂಬರ್ ಇಲ್ಲದಿದ್ದರೆ ಡಿಸ್ಕಿನಲ್ಲಿ ಜಾಗ ಇಲ್ಲ ಅಂತಲೇ ತಿಳಿದು ಆ ಎರರನ್ನು ತಾವೇ ಹಾಕುತ್ತಾರೆ.

ಈಗ ಪ್ಯಾಚಿನಲ್ಲಿ ಇಲ್ಲದ ಸಾಲುಗಳನ್ನು ಓದಿ. ಎರರ್ ಬಂದ ತಕ್ಷಣ ಫಂಕ್ಷನ್‌ನಿಂದ ಹೊರಗೆ ಬರುತ್ತಿದ್ದಾರೆ ಅಂದರೆ, ತೆರೆದ ಫೈಲನ್ನು ಯಾರು ಮುಚ್ಚುತ್ತಾರೆ? 'ಕ್ಲೋಸ್' ಮಾಡಿ ಆಮೇಲೆ ಎರರ್ ಹೇಳಿದರೆ, ಆ 'ಕ್ಲೋಸ್' ತಾನೇ 'ಎರ್ನೋ' ಬದಲಾಯಿಸಿಬಿಡಬಹುದು, ಆದ್ದರಿಂದ ಮೊದಲೇ ಅದನ್ನು ಬೇರೆ ಕಡೆ ಎತ್ತಿಟ್ಟುಕೊಂಡಿದ್ದಾರಾ? ಅರ್ಧ ಬರೆದ ತಾತ್ಕಾಲಿಕ ಫೈಲ್ ಅಳಿಸಿದ್ದಾರಾ? ಡಿಸ್ಕ್ ಆಗಲೇ ತುಂಬಿದೆ, ಅದರಲ್ಲಿ ಈ ಕಸವೂ ಕೂತರೆ ಕಷ್ಟ.

ತಾತ್ಕಾಲಿಕ ಹೆಸರಿನಲ್ಲಿ ಫೈಲ್ ಬರೆದು ಆಮೇಲೆ ನಿಜವಾದ ಹೆಸರಿಗೆ ಬದಲಾಯಿಸುವ (ರಿನೇಮ್) ಕಡೆ ಇನ್ನೂ ಜಾಸ್ತಿ ಹುಷಾರಾಗಿ ನೋಡಿ. ಬರೆದದ್ದು ಮೆಮೊರಿಯಲ್ಲೇ ಉಳಿಯದೆ ಡಿಸ್ಕಿಗೆ ಹೋಗಲಿ ಅಂತ ಹೇಳುವ ಕರೆ ಎಫ್‌ಸಿಂಕ್. ಮೊದಲು ತಾತ್ಕಾಲಿಕ ಫೈಲಿಗೆ ಎಫ್‌ಸಿಂಕ್, ಆಮೇಲೆ ರಿನೇಮ್, ಆಮೇಲೆ ಆ ಡೈರೆಕ್ಟರಿಗೂ ಎಫ್‌ಸಿಂಕ್. ನಾನು ಇದನ್ನು ಒತ್ತಿ ಹೇಳಲು ಕಾರಣ ಇದೆ. ಕೆಲವು ವರ್ಷದ ಹಿಂದೆ ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕದ ಸಾಫ್ಟ್‌ವೇರ್ ನೋಡಲು ನನ್ನನ್ನು ಕರೆದಿದ್ದರು. ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿ ಕೈಕೊಟ್ಟಿದೆ, ಮತ್ತೆ ಆನ್ ಮಾಡಿದರೆ ಆ ದಿನದ ಫೈಲ್ ಹೆಸರು ಸರಿಯಾಗಿಯೇ ಇದೆ, ಅಳತೆ ಮಾತ್ರ ಸೊನ್ನೆ. ರಿನೇಮ್ ಇತ್ತು, ಅದಕ್ಕೆ ಮುಂಚೆ ಎಫ್‌ಸಿಂಕ್ ಇರಲಿಲ್ಲ. ಆಲೆಮನೆಯವರು ತಂದ ಬೆಲ್ಲದ ತೂಕದ ಚೀಟಿಗಳ ಕಾರ್ಬನ್ ಪ್ರತಿ ಹರಡಿಕೊಂಡು ಗುಮಾಸ್ತರು ರಾತ್ರಿ ಹತ್ತರವರೆಗೆ ಮತ್ತೆ ಟೈಪ್ ಮಾಡಿದರು, ಎರಡು ಚೀಟಿಯಲ್ಲಿ ಅಂಕಿ ಅಳಿಸಿಹೋಗಿ ಆ ಇಬ್ಬರು ರೈತರಿಗೆ ಫೋನ್ ಮಾಡಿ ಕೇಳಬೇಕಾಯಿತು.

ಎಫ್‌ಸಿಂಕೇ ಸೋತರೆ? ಪ್ಯಾಚಿನಲ್ಲಿ 'ಮತ್ತೊಮ್ಮೆ ಪ್ರಯತ್ನಿಸು' ಅಂತ ಇದ್ದರೆ ಅಲ್ಲೇ ತಡೆದು ಪ್ರಶ್ನೆ ಕೇಳಿ. ಒಮ್ಮೆ ಬರೆಯಲು ಸೋತ ಪುಟಗಳನ್ನು (ಮೆಮೊರಿಯಲ್ಲಿರುವ ಡೇಟಾದ ತುಂಡುಗಳನ್ನು) ಲಿನಕ್ಸ್ ಕರ್ನಲ್ 'ಇನ್ನು ಬರೆಯುವುದು ಬಾಕಿ ಇಲ್ಲ' ಅಂತ ಗುರುತು ಮಾಡಿಬಿಡಬಹುದು, ಆಗ ಎರಡನೇ ಎಫ್‌ಸಿಂಕ್ ಸರಿ ಅನ್ನುತ್ತದೆ, ಡೇಟಾ ಡಿಸ್ಕಿನಲ್ಲಿ ಇರುವುದಿಲ್ಲ. ಇದು 2018ರಲ್ಲಿ ಪೋಸ್ಟ್‌ಗ್ರೆಸ್‌ನವರಿಗೆ ದೊಡ್ಡ ಚಿಂತೆಯಾಯಿತು. 2019ರ ಫೆಬ್ರವರಿಯಲ್ಲಿ ಬಿಟ್ಟ 11.2 ಮತ್ತು ಆಗಿನ ಹಳೆಯ ಆವೃತ್ತಿಗಳ ಅಪ್‌ಡೇಟ್‌ಗಳಲ್ಲಿ ನಡವಳಿಕೆಯನ್ನೇ ಬದಲಾಯಿಸಿದರು: ಡೇಟಾ ಫೈಲಿನ ಎಫ್‌ಸಿಂಕ್ ಸೋತರೆ ಸರ್ವರ್ ನಿಂತುಹೋಗುತ್ತದೆ, ಮತ್ತೆ ಎದ್ದು, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ಲಾಗ್ ಓದಿಕೊಂಡು ಸರಿಮಾಡಿಕೊಳ್ಳುತ್ತದೆ. ಅಂದಹಾಗೆ ಟಿಎಂಪಿಎಫ್‌ಎಸ್ ಇರುವುದು ಮೆಮೊರಿಯಲ್ಲಿ, ಆದ್ದರಿಂದ ಎಫ್‌ಸಿಂಕ್ ವಿಷಯ ಅದರಲ್ಲಿ ಪರೀಕ್ಷೆ ಆಗುವುದಿಲ್ಲ, ಅದನ್ನು ಕೋಡ್ ಓದಿಯೇ ಹೇಳಬೇಕು.

ಇಷ್ಟಾದ ಮೇಲೆ ಬರೆಯುವುದು ಸುಲಭ. ಯಾವ ಕಮಿಟ್ (ಕೋಡಿನ ಯಾವ ಹಂತದ ಪ್ರತಿ) ಮೇಲೆ ಪ್ಯಾಚ್ ಹಾಕಿದಿರಿ, ಡಿಸ್ಕ್ ಹೇಗೆ ತುಂಬಿಸಿದಿರಿ, ಮುಂಚೆ ಏನು ಬಂತು, ಆಮೇಲೆ ಏನು ಬಂತು, ಯಾವ ಸಾಲಿನಲ್ಲಿ ಅನುಮಾನ ಇದೆ. ಅನುಮಾನವನ್ನು ಪ್ರಶ್ನೆಯಾಗಿಯೇ ಕೇಳಿ, ಬರೆದವರಿಗೆ ನಿಮಗಿಂತ ಜಾಸ್ತಿ ಗೊತ್ತಿರಬಹುದು. ವಿಂಡೋಸ್‌ನಲ್ಲಿ ಓಡಿಸಿ ನೋಡಿಲ್ಲದಿದ್ದರೆ ನೋಡಿಲ್ಲ ಅಂತಲೇ ಬರೆಯಿರಿ, ಆಗ ಅದನ್ನು ಇನ್ನೊಬ್ಬರು ನೋಡುತ್ತಾರೆ.